ನಾಲ್ಕು ತಾಲ್ಲೂಕು ಸುತ್ತಿದ ಒಂದು ಪುಸ್ತಕ

ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಮೂರು ವಾರದ ಹಿಂದೆ ಪಾವಗಡ ಬಸ್‌ಸ್ಟ್ಯಾಂಡಿನಲ್ಲಿ ಮಧುಗಿರಿ ಕಡೆಗೆ ಹೊರಟಿದ್ದ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. 'ಎಷ್ಟು ಕೊಡ್ಲಿ ಅಣ್ಣಾ?' ಅಂದಿದ್ದಕ್ಕೆ, 'ಬುಕ್ಕಿಗೆಲ್ಲ ಏನ್ ಲಗೇಜು, ಬಿಡಮ್ಮ' ಎಂದು ಡ್ರೈವರ್ ಮುಂದಿನ ಗಾಜಿನ ಹತ್ತಿರ, ಊದುಬತ್ತಿ ಪ್ಯಾಕೆಟ್ಟಿನ ಪಕ್ಕ ಇಟ್ಟುಕೊಂಡರು. ಮಧುಗಿರಿಯಲ್ಲಿ ಗೆಳೆಯ ಇಳಿಸಿಕೊಂಡ. ಅಲ್ಲಿಂದ ಶಿರಾಕ್ಕೋ ಕೊರಟಗೆರೆಗೋ ಹೋಗಬೇಕಾದರೆ ಇನ್ನೊಂದು ಬಸ್ಸು. ಒಂದೂವರೆ ವರ್ಷದಿಂದ ಹೀಗೆಯೇ ಓಡಾಡುತ್ತಿದೆ ಅದು. ರಟ್ಟು ಕಿತ್ತುಹೋಗಿದೆ, ಬೆನ್ನಿಗೆ ಕಂದು ಬಣ್ಣದ ಟೇಪು ಬಿದ್ದಿದೆ.

ಜಾನ್ ಸ್ಟೈನ್‌ಬೆಕ್ ಬರೆದ 'ದಿ ಗ್ರೇಪ್ಸ್ ಆಫ್ ರಾತ್'. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯಿಂದ ಎಂಬತ್ತು ರೂಪಾಯಿಗೆ ತಂದಿದ್ದು. ಹೆಸರು ಹೇಳಿದ ದಿನವೇ ಶಿರಾದ ಗೆಳತಿ ನಕ್ಕಿದ್ದಳು. ಅವರ ಮನೆಯಲ್ಲಿ ಉರ್ದು. 'ರಾತ್ ಅಂದ್ರೆ ರಾತ್ರಿ ಅಲ್ವೇನೇ, ರಾತ್ರಿ ದ್ರಾಕ್ಷಿ ತಿನ್ನೋರ ಕಥೆನಾ?' ಎಂದು. ಇಂಗ್ಲಿಷಿನಲ್ಲಿ ಅದಕ್ಕೆ ಕ್ರೋಧ ಎಂದರ್ಥ. ಜೂಲಿಯಾ ವಾರ್ಡ್ ಹೋವ್ ಎಂಬಾಕೆ ಬರೆದ ಅಮೆರಿಕದ ಅಂತರ್ಯುದ್ಧದ ಕಾಲದ ಹಾಡೊಂದರಿಂದ ಈ ಹೆಸರನ್ನು ಆರಿಸಿಕೊಟ್ಟವಳು ಸ್ಟೈನ್‌ಬೆಕ್‌ನ ಹೆಂಡತಿ ಕ್ಯಾರೊಲ್. ಆದರೂ ನಮ್ಮ ನಾಲ್ವರ ನಡುವೆ ಅದು ಇವತ್ತಿಗೂ 'ರಾತ್ರಿ ದ್ರಾಕ್ಷಿ'ಯೇ.

ನಾವು ನಾಲ್ವರೂ ಮಧುಗಿರಿಯಲ್ಲಿ ಡಿಗ್ರಿ ಓದಿದವರು. ನಾನು ಪಾವಗಡದವಳು, ಉಳಿದವರು ಶಿರಾ, ಕೊರಟಗೆರೆ, ಮಧುಗಿರಿಯವರು. ಡಿಗ್ರಿ ಮುಗಿದ ಮೇಲೆ ಏನಾಗಬೇಕೋ ಅದೇ ಆಯಿತು. ಒಬ್ಬರು ಪಿಡಿಒ ಪರೀಕ್ಷೆಗೆ, ಒಬ್ಬರು ಪೊಲೀಸ್ ಕಾನ್‌ಸ್ಟೆಬಲ್‌ಗೆ, ಒಬ್ಬರು ಬಿ.ಇಡಿಗೆ. ನಾನು ಇಂಗ್ಲಿಷ್ ಎಂ.ಎ. ಮಾಡಿಕೊಂಡೆ. ಎಂ.ಎ.ಯಲ್ಲಿ ಅಮೆರಿಕನ್ ಸಾಹಿತ್ಯದ ಪೇಪರ್ ಇತ್ತು. ಸ್ಟೈನ್‌ಬೆಕ್ ಬಗ್ಗೆ ನೋಟ್ಸ್ ಇತ್ತು. ನೋಟ್ಸ್ ಓದಿಯೇ ಪಾಸಾದೆ, ಕಾದಂಬರಿಯನ್ನು ಮುಟ್ಟಲಿಲ್ಲ. ಮುಟ್ಟಿದ್ದು ಎಂ.ಎ. ಮುಗಿದ ಮೇಲೆ. ಅರ್ಜಿ ಹಾಕಿದ ಎರಡು ನೇಮಕಾತಿಗಳು ಮುಂದಕ್ಕೆ ಹೋಗಿ, ಮನೆಯಲ್ಲಿ ಕೂತಿದ್ದಾಗ.

ಗೊತ್ತಿಲ್ಲದವರಿಗೆ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1930ರ ದಶಕ. ಅಮೆರಿಕದ ಒಕ್ಲಹೋಮಾ ರಾಜ್ಯ. ವರ್ಷದಿಂದ ವರ್ಷಕ್ಕೆ ಮಳೆಯಿಲ್ಲ, ಹುಲ್ಲುಗಾವಲನ್ನೆಲ್ಲ ಉತ್ತು ಸಡಿಲ ಮಾಡಿದ ಮೇಲ್ಮಣ್ಣು ಗಾಳಿಗೆ ಎದ್ದು ಹೋಗುತ್ತಿದೆ. 1935ರ ಏಪ್ರಿಲ್ 14ರಂದು ಎದ್ದ ದೂಳಿಗೆ ಹಗಲೇ ಕತ್ತಲಾಗಿ, ಆ ದಿನಕ್ಕೆ 'ಕಪ್ಪು ಭಾನುವಾರ' ಎಂದೇ ಹೆಸರು ಬಂತು. ಸರಿಯಾಗಿ ನಾಲ್ಕು ವರ್ಷಕ್ಕೆ, 1939ರ ಏಪ್ರಿಲ್ 14ಕ್ಕೆ ಈ ಕಾದಂಬರಿ ಪ್ರಕಟವಾಯಿತು. (ಏಪ್ರಿಲ್ 14 ನಮಗೆ ಅಂಬೇಡ್ಕರ್ ಜಯಂತಿ, ಹಾಗಾಗಿ ಮರೆಯುವುದಿಲ್ಲ.) ಜೋಡ್ ಎಂಬ ಕುಟುಂಬ ಅಲ್ಲಿ ಬೇರೆಯವರ ಜಮೀನನ್ನು ವಾರಕ್ಕೆ ಉಳುತ್ತಿದೆ. ಜಮೀನು ಬ್ಯಾಂಕಿನ ಪಾಲಾಗುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಮನೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಕೀಳುವ ಕೆಲಸವಿದೆ ಎಂಬ ಒಂದು ಹಳದಿ ಚೀಟಿಯನ್ನು ನಂಬಿ, ಹಳೆಯ ಕಾರೊಂದನ್ನು ಕತ್ತರಿಸಿ ಟ್ರಕ್ ಮಾಡಿಕೊಂಡು, ಅಜ್ಜ, ಅಜ್ಜಿ, ಬಸುರಿ ಮಗಳು, ಚಿಕ್ಕ ಮಕ್ಕಳು, ಜೊತೆಗೆ ದೇವರ ಕೆಲಸ ಬಿಟ್ಟ ಕೇಸಿ ಎಂಬ ಬೋಧಕ, ಒಟ್ಟು ಹದಿಮೂರು ಜನ ಹೊರಡುತ್ತಾರೆ.

ಆ ಹಳದಿ ಚೀಟಿಯೇ ನನ್ನನ್ನು ಹಿಡಿದು ಕೂರಿಸಿದ್ದು.

ದಾರಿಯಲ್ಲಿ ಒಂದು ರಾತ್ರಿ ತಂಗಿದ ಕಡೆ ಹರಕು ಬಟ್ಟೆಯ ಒಬ್ಬ ಸಿಗುತ್ತಾನೆ. ಇವರೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದರೆ ಅವನು ಅಲ್ಲಿಂದ ವಾಪಸ್ ಬರುತ್ತಿದ್ದಾನೆ. ಅವನು ಹಳದಿ ಚೀಟಿಯ ಲೆಕ್ಕ ಬಿಡಿಸಿ ಹೇಳುತ್ತಾನೆ. ತೋಟದವನಿಗೆ ಬೇಕಾಗಿರುವುದು ಎಂಟು ನೂರು ಜನ. ಅವನು ಐದು ಸಾವಿರ ಚೀಟಿ ಅಚ್ಚು ಹಾಕಿಸುತ್ತಾನೆ. ಇಪ್ಪತ್ತು ಸಾವಿರ ಜನ ಅದನ್ನು ನೋಡುತ್ತಾರೆ. ಅದರಲ್ಲಿ ಎರಡು ಮೂರು ಸಾವಿರ ಜನ ಗಂಟುಮೂಟೆ ಕಟ್ಟಿಕೊಂಡು ಬಂದೇ ಬರುತ್ತಾರೆ. ಬಂದವರು ಹಸಿದಷ್ಟೂ ಕೂಲಿ ಇಳಿಯುತ್ತದೆ. ಚೀಟಿಯಲ್ಲಿ ಸುಳ್ಳೇನೂ ಇಲ್ಲ, ಕೆಲಸ ಇರುವುದು ನಿಜ. ಆ ಮನುಷ್ಯನ ಹೆಂಡತಿ, ಇಬ್ಬರು ಮಕ್ಕಳು ಹಸಿವಿನಿಂದ ಸತ್ತಿದ್ದಾರೆ. ಸರ್ಕಾರಿ ಕಾಗದದಲ್ಲಿ ಮಾತ್ರ ಹೃದಯ ನಿಂತು ಸತ್ತರು ಎಂದು ಬರೆದಿದ್ದಾರಂತೆ.

ಈ ಪುಟ ಓದಿದಾಗ ರಾತ್ರಿ ಹನ್ನೊಂದು ಗಂಟೆ ಇರಬೇಕು. ಫೋನಿನಲ್ಲಿ ಆವತ್ತೇ ಬಂದಿದ್ದ ಒಂದು ನೋಟಿಫಿಕೇಶನ್ ತೆರೆದೇ ಇತ್ತು. ಖಾಲಿ ಹುದ್ದೆಗಳ ಸಂಖ್ಯೆ, ಮೀಸಲಾತಿವಾರು ಹಂಚಿಕೆ, ಅರ್ಜಿ ಶುಲ್ಕ. ನಾನು, ನನ್ನ ಮೂವರು ಗೆಳೆಯರು, ನಮ್ಮ ಕೋಚಿಂಗ್ ಸೆಂಟರಿನ ಎಲ್ಲರೂ ಅದೇ ಹಳದಿ ಚೀಟಿ ಹಿಡಿದು ಅದೇ ರಸ್ತೆಯಲ್ಲಿ ಹೊರಟವರು ಅನ್ನಿಸಿತು. ಆವರೆಗೆ ನಾನು ಕೆಲಸ ಸಿಗದಿದ್ದರೆ ನನ್ನ ಓದೇ ಸಾಲದು ಎಂದುಕೊಂಡಿದ್ದೆ. ಓದು ಸಾಲದು ಎನ್ನುವುದೂ ನಿಜವಿರಬಹುದು. ಆದರೆ ಎಂಟು ನೂರಕ್ಕೆ ಮೂರು ಸಾವಿರ ಬಂದರೆ ಎರಡು ಸಾವಿರದ ಇನ್ನೂರು ಜನ, ಎಷ್ಟೇ ಚೆನ್ನಾಗಿ ಹಣ್ಣು ಕೀಳುವವರಾದರೂ, ವಾಪಸ್ ಹೋಗಲೇಬೇಕು. ಇಷ್ಟು ಸಣ್ಣ ಲೆಕ್ಕವನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೆಂಟಲ್ ಎಬಿಲಿಟಿ ಪುಸ್ತಕದಲ್ಲೂ ಇಲ್ಲ.

ಬೆಳಿಗ್ಗೆ ಆ ಪುಟಗಳ ಫೋಟೊ ತೆಗೆದು ಮೂವರಿಗೂ ಕಳಿಸಿದೆ. ಪುಸ್ತಕದ ಪ್ರಯಾಣ ಶುರುವಾಗಿದ್ದು ಹಾಗೆ.

ಮೊದಲು ಹೋಗಿದ್ದು ಮಧುಗಿರಿಗೆ. ಅಲ್ಲಿನ ಗೆಳೆಯ ಕಾನ್‌ಸ್ಟೆಬಲ್ ಪರೀಕ್ಷೆಗೆ ಬೆಳಗಿನ ಜಾವ ಎದ್ದು ಓಡುವವನು, ಓದಿನಲ್ಲೂ ಅವನಿಗೆ ಓಟವೇ. ಕಾದಂಬರಿಯ ಮೂವತ್ತು ಅಧ್ಯಾಯಗಳಲ್ಲಿ ಹದಿನಾಲ್ಕರಲ್ಲಿ ಮಾತ್ರ ಜೋಡ್ ಕುಟುಂಬದ ಕಥೆ ಇದೆ. ಉಳಿದ ಹದಿನಾರರಲ್ಲಿ ರಸ್ತೆ, ಬ್ಯಾಂಕು, ಹಳೆ ಕಾರು ಮಾರುವವರು, ಒಂದು ಕಡೆಯಂತೂ ರಸ್ತೆ ದಾಟುವ ಒಂದು ಆಮೆ, ಅಷ್ಟೇ. ಇವನು ಆ ಹದಿನಾರನ್ನೂ ಹಾರಿಸಿ ಒಂದೇ ವಾರದಲ್ಲಿ ಮುಗಿಸಿ, 'ಸೂಪರ್ ಸ್ಟೋರಿ' ಎಂದು ಮೆಸೇಜ್ ಹಾಕಿದ. ನಮಗೆ ಸಿಟ್ಟು ಬಂತು. 'ಇಪ್ಪತ್ತೈದನೇ ಅಧ್ಯಾಯ ಒಂದು ಓದು, ಐದು ನಿಮಿಷ ಸಾಕು' ಎಂದು ಶಿರಾದವಳು ಅವನನ್ನು ಬೈದು ಓದಿಸಿದಳು. ಬೆಲೆ ಬಿದ್ದಿದೆಯೆಂದು ಕಿತ್ತಳೆಯನ್ನು ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿಯುವುದು, ಆಲೂಗಡ್ಡೆಯನ್ನು ಹೊಳೆಗೆ ಸುರಿದು ಹಸಿದವರು ಎತ್ತಿಕೊಳ್ಳದಂತೆ ಕಾವಲು ನಿಲ್ಲಿಸುವುದು ಅದರಲ್ಲಿದೆ. ಓದಿ ಅವನು ಮೆಸೇಜ್ ಹಾಕಲಿಲ್ಲ, ಫೋನ್ ಮಾಡಿದ. ಅವರ ಮನೆಯವರು ಟೊಮೆಟೊ ಹಾಕುತ್ತಾರೆ. ಬೆಲೆ ಇಲ್ಲದ ವರ್ಷ ಕ್ರೇಟಿನ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದ ದಿನ ಅವನಪ್ಪ ರಾತ್ರಿ ಊಟ ಮಾಡಿರಲಿಲ್ಲವಂತೆ. 'ನಮ್ಮದರಲ್ಲಿ ದನ ಬಂದು ತಿಂದ್ವು ಕಣೇ, ಸೀಮೆಎಣ್ಣೆ ಹಾಕ್ಲಿಲ್ಲ' ಅಂದ. ಆಮೇಲೆ ಆಮೆಯ ಅಧ್ಯಾಯವನ್ನೂ ಓದಿದನಂತೆ. ಅದು ಮಾತ್ರ ಈಗಲೂ ಬೋರ್ ಎನ್ನುತ್ತಾನೆ.

ಶಿರಾದವಳ ಮನೆಯವರದು ಹೈವೇ ಪಕ್ಕ ಟೀ ಹೋಟೆಲು. ಮೊದಲು ಎನ್‌ಎಚ್ 4 ಎನ್ನುತ್ತಿದ್ದ, ಈಗ ಎನ್‌ಎಚ್ 48 ಆಗಿರುವ ರಸ್ತೆ. ಲಾರಿ ಡ್ರೈವರುಗಳೇ ಗಿರಾಕಿಗಳು. ಜೋಡ್ ಕುಟುಂಬ ಹೋಗುವುದು ರೂಟ್ 66 ಎಂಬ ಹೆದ್ದಾರಿಯಲ್ಲಿ, ಅದರ ಪಕ್ಕದಲ್ಲೂ ಅಂಥದೇ ಒಂದು ಹೋಟೆಲಿನ ಕಥೆ ಬರುತ್ತದೆ. ವಲಸೆ ಹೊರಟ ಒಬ್ಬ ಅಪ್ಪ ಇಬ್ಬರು ಮಕ್ಕಳ ಜೊತೆ ಒಳಗೆ ಬಂದು ಹತ್ತು ಸೆಂಟಿನಷ್ಟು ಬ್ರೆಡ್ ಕೊಡಿ ಎಂದು ಕೇಳುತ್ತಾನೆ. ಬ್ರೆಡ್ಡಿಗೆ ಹದಿನೈದು ಸೆಂಟು. ಹೋಟೆಲಿನ ಹೆಂಗಸು ಮೊದಲು ಗೊಣಗಿ, ಆಮೇಲೆ ಹತ್ತಕ್ಕೇ ಕೊಡುತ್ತಾಳೆ. ಮಕ್ಕಳು ಪೆಪ್ಪರ್‌ಮಿಂಟ್ ನೋಡುತ್ತಾ ನಿಂತಿರುತ್ತವೆ. ಎಷ್ಟು ಎಂದು ಅಪ್ಪ ಕೇಳಿದರೆ, ಒಂದು ಸೆಂಟಿಗೆ ಎರಡು ಎನ್ನುತ್ತಾಳೆ. ಅವರು ಹೋದ ಮೇಲೆ ಅಲ್ಲೇ ಕೂತಿದ್ದ ಲಾರಿ ಡ್ರೈವರ್, ಅದು ಒಂದಕ್ಕೇ ಐದು ಸೆಂಟಲ್ಲವಾ ಎಂದು ಕೇಳುತ್ತಾನೆ. ಡ್ರೈವರುಗಳು ಎದ್ದು ಹೋಗುವಾಗ ಆಗಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು, ಒಬ್ಬೊಬ್ಬರು ಅರ್ಧ ಅರ್ಧ ಡಾಲರ್ ಟೇಬಲ್ ಮೇಲಿಟ್ಟು ಹೋಗುತ್ತಾರೆ. ಯಾರೂ ಯಾರಿಗೂ ಒಳ್ಳೆಯ ಮಾತು ಹೇಳುವುದಿಲ್ಲ.

ಇದನ್ನು ಅವಳು ಅಂಗಡಿಯ ಗಲ್ಲಾದಲ್ಲಿ ಕೂತು ಓದಿದಳು. ರಾಯಚೂರು, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು ಮಕ್ಕಳುಮರಿ, ಪಾತ್ರೆಪಗಡದ ಸಮೇತ ಟೆಂಪೊದಲ್ಲಿ ಬಂದು ಅಲ್ಲಿ ಇಳಿಯುತ್ತಾರೆ. ನಾಲ್ಕು ಜನಕ್ಕೆ ಎರಡು ಟೀ ತೆಗೆದುಕೊಂಡು ಹಂಚಿಕೊಳ್ಳುತ್ತಾರೆ. ಅವಳ ಅಬ್ಬಾ ಎರಡು ಟೀ ಕೇಳಿದವರಿಗೆ ಲೋಟವನ್ನು ತುಳುಕುವಷ್ಟು ತುಂಬಿಸುವುದನ್ನು ಚಿಕ್ಕಂದಿನಿಂದ ನೋಡಿದ್ದರೂ, ಯಾಕೆ ಎಂದು ಯೋಚಿಸಿದ್ದು ಆ ಪುಟ ಓದಿದ ಮೇಲೆಯೇ ಅಂದಳು. 'ಕೇಳಿದ್ರೆ ಬೈತಾರೆ, ಅದಕ್ಕೇ ಕೇಳ್ಲಿಲ್ಲ' ಎಂದೂ ಸೇರಿಸಿದಳು.

ನಾನು ಮನೆಯಲ್ಲಿ ಅಪ್ಪನಿಗೆ ಟ್ರ್ಯಾಕ್ಟರಿನ ಅಧ್ಯಾಯವನ್ನು ತೆಲುಗಿನಲ್ಲಿ ಹೇಳಿದೆ. ನಮ್ಮ ಮನೆಮಾತು ತೆಲುಗು. ಪಾವಗಡದ ಸುತ್ತ ಹೆಚ್ಚುಕಡಿಮೆ ಆಂಧ್ರವೇ ಇರುವುದರಿಂದ ಬೆಂಗಳೂರಿನಲ್ಲಿ ನಾವು ಬಾಯಿ ಬಿಟ್ಟ ಕೂಡಲೇ 'ಆಂಧ್ರನಾ?' ಎನ್ನುತ್ತಾರೆ. ಜೋಡ್ ಕುಟುಂಬದವರನ್ನು ಕ್ಯಾಲಿಫೋರ್ನಿಯಾದಲ್ಲಿ 'ಓಕಿ' ಎಂದು ಹಂಗಿಸುತ್ತಾರೆ. ಒಕ್ಲಹೋಮಾದವನು ಎಂದಷ್ಟೇ ಇದ್ದ ಮಾತು ಬೈಗುಳವಾಗಿರುತ್ತದೆ. ಇರಲಿ, ಅಪ್ಪನ ವಿಷಯ. ಮನೆ ಉರುಳಿಸಲು ಬಂದ ಟ್ರ್ಯಾಕ್ಟರ್ ಡ್ರೈವರ್ ಅದೇ ಊರಿನ ಹುಡುಗ. ದಿನಕ್ಕೆ ಮೂರು ಡಾಲರ್ ಸಿಗುತ್ತದೆ, ನನಗೂ ಹೆಂಡತಿ ಮಕ್ಕಳಿದ್ದಾರೆ ಎನ್ನುತ್ತಾನೆ. ಗೇಣಿದಾರ ಬಂದೂಕು ಹಿಡಿದಿದ್ದಾನೆ, ಆದರೆ ಯಾರಿಗೆ ಗುರಿ ಇಡಬೇಕೋ ತಿಳಿಯುತ್ತಿಲ್ಲ. ಡ್ರೈವರಿಗೆ ಹೇಳಿದವನು ಬ್ಯಾಂಕಿನವನು, ಬ್ಯಾಂಕಿಗೆ ಹೇಳಿದವರು ಇನ್ನೆಲ್ಲೋ ದೂರದವರು. ಅಪ್ಪ ಪೂರ್ತಿ ಕೇಳಿ, 'ಆ ಹುಡುಗ ಮಾರನೇ ದಿನ ಊರಲ್ಲಿ ನೀರಿಗೆ ಎಲ್ಲಿ ಹೋದ?' ಎಂದು ಕೇಳಿದರು. ಪುಸ್ತಕದಲ್ಲಿ ಅದಿಲ್ಲ. ನಮ್ಮಪ್ಪನಿಗೆ ಅದೇ ಮುಖ್ಯವಾಗಿತ್ತು.

ಪಾವಗಡ ಎಂದರೆ ಈಗ ಎಲ್ಲರೂ ಕೇಳುವುದು ತಿರುಮಣಿಯ ಸೋಲಾರ್ ಪಾರ್ಕ್. 2018ರಲ್ಲಿ ಉದ್ಘಾಟನೆಯಾದದ್ದು. ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಜಮೀನು ರೈತನ ಹೆಸರಿನಲ್ಲೇ ಇದೆ. ಮಳೆ ನಂಬಿ ಕಡಲೆಕಾಯಿ ಹಾಕಿ ಬಿತ್ತನೆಬೀಜದ ದುಡ್ಡೂ ಬಾರದೆ ಕೂತವರಿಗೆ ಇದು ಸಣ್ಣದಲ್ಲ. ಹಾಗಾಗಿ ಜೋಡ್ ಕಥೆಯೂ ಇದೂ ಒಂದೇ ಎಂದು ನಾನು ಹೇಳುವುದಿಲ್ಲ. ಕೊರಟಗೆರೆಯ ಗೆಳೆಯ ಹಾಗೆ ಹೇಳಿದಾಗ ಜಗಳವನ್ನೇ ಆಡಿದೆ. ಆದರೆ ಅವನು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರು ಯಾವ ಪಹಣಿಯಲ್ಲಿದೆ? ಜೋಡ್‌ಗಳಿಗೂ ಕಾಗದವಿರಲಿಲ್ಲ. ನಮ್ಮಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಜಮೀನು ಕೊಡಿಸಿತು. ಕೂಲಿಯವನ ಹೆಸರು ಆಗಲೂ ಎಲ್ಲೂ ಇರಲಿಲ್ಲ.

ಕಾದಂಬರಿಯ ಬಗ್ಗೆ ನನಗಿರುವ ಒಂದು ತಕರಾರೂ ಇದೇ ಜಾಗದ್ದು. ಜಮೀನು ನಮ್ಮದು, ನಮ್ಮಜ್ಜ ಇಲ್ಲಿದ್ದ ಇಂಡಿಯನ್ನರನ್ನು ಕೊಂದು ಪಡೆದದ್ದು ಎಂದು ಗೇಣಿದಾರರು ಹೇಳುತ್ತಾರೆ. ಸ್ಟೈನ್‌ಬೆಕ್ ಅದನ್ನು ಬರೆದು ಮುಂದೆ ಹೋಗುತ್ತಾನೆ. ಆ ಸತ್ತವರ ಮಕ್ಕಳು ಎಲ್ಲಿ ಹೋದರು ಎಂದು ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಅದಕ್ಕೂ ಮೊದಲು ದುಡಿದ ಮೆಕ್ಸಿಕನ್ನರು, ಫಿಲಿಪೀನ್ಸಿನವರು ಪುಸ್ತಕದಲ್ಲಿ ಹೆಸರಿಗಷ್ಟೇ ಬರುತ್ತಾರೆ. ಅಷ್ಟಾದರೂ ಅವನು ಕಂಡದ್ದನ್ನೇ ಬರೆದವನು. 1936ರಲ್ಲಿ ಪತ್ರಿಕೆಯೊಂದರ ಪರವಾಗಿ ವಲಸೆ ಕೂಲಿಗಳ ಶಿಬಿರಗಳನ್ನು ಸುತ್ತಿ ಲೇಖನಮಾಲೆ ಬರೆದಿದ್ದ. ಪುಸ್ತಕ ಬಂದ ವರ್ಷವೇ, ಕಥೆ ನಡೆಯುವ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ ಅದನ್ನು ಲೈಬ್ರರಿಗಳಿಂದ ನಿಷೇಧಿಸಿದರು, ಪ್ರತಿಯನ್ನು ಸುಟ್ಟರು. ಅಲ್ಲಿನ ಲೈಬ್ರರಿಯನ್ ಗ್ರೆಚನ್ ನೀಫ್ ಎಂಬಾಕೆ ನಿಷೇಧ ಬೇಡವೆಂದು ತನ್ನ ಮೇಲಿನವರಿಗೇ ಪತ್ರ ಬರೆದಳು. ಮರುವರ್ಷ, 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು, ಹೆನ್ರಿ ಫೋಂಡಾ ನಟಿಸಿದ ಜಾನ್ ಫೋರ್ಡ್ ಸಿನಿಮಾ ಬಂತು. 1962ರಲ್ಲಿ ಸ್ಟೈನ್‌ಬೆಕ್‌ಗೆ ನೊಬೆಲ್. ಇವಿಷ್ಟು ಜಿ.ಕೆ.ಗೆ ಬೇಕಾದವರು ಗುರುತು ಹಾಕಿಕೊಳ್ಳಿ.

ಇನ್ನು ಕೊರಟಗೆರೆಯವನ ವಿಷಯ. ಬರೆಯಲೋ ಬೇಡವೋ ಎಂದು ಯೋಚಿಸಿ, ಅವನನ್ನೇ ಕೇಳಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮೊದಲು ದುಡಿಯಲು ಹೋದವನು ಅವನೇ. ಅಪ್ಪ ಕೊರೆಸಿದ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಫೇಲ್, ಸಾಲ ಹಾಗೇ ನಿಂತಿತ್ತು. ಪರೀಕ್ಷೆ ಆಮೇಲೆ ನೋಡೋಣ ಎಂದು ಒಂದು ಕಾರ್ಖಾನೆಗೆ ಕಾಂಟ್ರ್ಯಾಕ್ಟ್ ಮೇಲೆ ಸೇರಿದ. ಅರ್ಜಿ ಕೊಟ್ಟ ಮೂರನೇ ದಿನಕ್ಕೇ ಕರೆದಿದ್ದರು. ಇಷ್ಟು ಬೇಗ ಹೇಗೆ ಎಂದು ಖುಷಿಯಾಗಿದ್ದ. ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ಶಿಫ್ಟ್ ಬಸ್ಸಿನಲ್ಲಿ ದಿನಕ್ಕೆ ಹತ್ತು ಪುಟ ಓದುತ್ತಿದ್ದ.

ಜೋಡ್ ಕುಟುಂಬಕ್ಕೆ ಕೊನೆಗೂ ಒಂದು ಪೀಚ್ ತೋಟದಲ್ಲಿ ಕೆಲಸ ಸಿಗುತ್ತದೆ. ಡಬ್ಬಕ್ಕೆ ಐದು ಸೆಂಟು. ಗೇಟಿನ ಹೊರಗೆ ಜನ ಕೂಗುತ್ತಿರುತ್ತಾರೆ, ಪೊಲೀಸರು ಇವರ ಗಾಡಿಯನ್ನು ಕಾವಲಿನಲ್ಲಿ ಒಳಗೆ ಬಿಡುತ್ತಾರೆ. ಯಾಕೆ ಎಂದು ಇವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಚೈತನ್ಯವೂ ಇಲ್ಲ. ರಾತ್ರಿಗೆ ಊಟ ಬೇಕು. ಕತ್ತಲಾದ ಮೇಲೆ ಮಗ ಟಾಮ್ ಬೇಲಿ ನುಸುಳಿ ಹೊರಗೆ ಹೋದರೆ, ಅಲ್ಲಿ ಕೂಗುತ್ತಿದ್ದವರ ಜೊತೆ ಅವರದೇ ಕೇಸಿ ಇದ್ದಾನೆ. ಎರಡೂವರೆ ಸೆಂಟಿಗೆ ಇಳಿಸಿದ್ದಕ್ಕೆ ಕೆಲಸ ನಿಲ್ಲಿಸಿದವರು ಅವರು. ಅವರ ಮುಷ್ಕರ ಮುರಿಯುವ ತನಕ ಮಾತ್ರ ನಿಮಗೆ ಐದು ಸೆಂಟು ಎನ್ನುತ್ತಾನೆ ಕೇಸಿ. ಮುಷ್ಕರ ಮುರಿಯುತ್ತದೆ, ಕೇಸಿಯನ್ನು ಹೊಡೆದು ಕೊಲ್ಲುತ್ತಾರೆ, ಕೂಲಿ ಎರಡೂವರೆಗೆ ಇಳಿಯುತ್ತದೆ.

ಇದನ್ನು ಓದಿದ ವಾರವೇ ಅವನಿಗೆ ಕ್ಯಾಂಟೀನಿನಲ್ಲಿ ತಿಳಿಯಿತಂತೆ, ಅವನಿಗಿಂತ ಮುಂಚೆ ಆ ಲೈನಿನಲ್ಲಿದ್ದ ಹುಡುಗರು ಸಂಬಳ ಹೆಚ್ಚಿಸಿ ಎಂದು ಕೇಳಿದ್ದರು, ನಾಳೆಯಿಂದ ಬರಬೇಡಿ ಎಂದು ಅವರನ್ನು ಕಳಿಸಿದ್ದರು. ಅವರಲ್ಲಿ ಒಬ್ಬ ಇವನ ಪಕ್ಕದ ಹಳ್ಳಿಯವನು. ಜಾತ್ರೆಯಲ್ಲಿ ಸಿಕ್ಕಾಗ ಇವನ ಮುಖ ನೋಡದೆ ಹೋಗಿದ್ದ, ಯಾಕೆಂದು ಇವನಿಗೆ ಆಗ ತಿಳಿದಿರಲಿಲ್ಲ.

ಎರಡು ತಿಂಗಳು ನಮ್ಮ ಗ್ರೂಪಿನಲ್ಲಿ ಅವನ ಮಾತಿಲ್ಲ. ಪುಸ್ತಕವೂ ಬರಲಿಲ್ಲ. ನಾವು ಕೆಲಸ ಜಾಸ್ತಿಯಿರಬೇಕು ಎಂದುಕೊಂಡೆವು. ಒಂದು ದಿನ ಮಧುಗಿರಿಗೆ ತಾನೇ ಬಂದು ಪುಸ್ತಕ ಕೊಟ್ಟ. ಪೀಚ್ ತೋಟದ ಪುಟ ಮಡಚಿತ್ತು. ಕೆಲಸ ಬಿಡ್ತೀಯಾ ಎಂದು ನಾವು ಕೇಳಲಿಲ್ಲ, ಸಾಲ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಅವನೇ ಹೇಳಿದ: 'ಟಾಮ್‌ಗೆ ಬೇಲಿ ದಾಟೋಕೆ ಒಂದು ರಾತ್ರಿ ಸಾಕಾಯ್ತು. ನನಗೆ ಆ ಹುಡುಗನ ಮನೆಗೆ ಹೋಗೋಕೆ ಎರಡು ತಿಂಗಳು ಬೇಕಾಯ್ತು.' ಹೋಗಿದ್ದನಂತೆ. ಅವರಮ್ಮ ಕಾಫಿ ಕೊಟ್ಟರಂತೆ. ಹುಡುಗ ಏನೂ ಮಾತಾಡಲಿಲ್ಲ, ಆದರೆ ಬಸ್‌ಸ್ಟಾಪ್ ತನಕ ಬೈಕಿನಲ್ಲಿ ಬಿಟ್ಟು ಹೋದನಂತೆ. ಕೆಲಸದಲ್ಲಿ ಅವನು ಇನ್ನೂ ಇದ್ದಾನೆ.

ಓದಬೇಕೆನ್ನುವವರಿಗೆ ಒಂದು ಮಾತು. ಇಂಗ್ಲಿಷ್ ಹೆದರಿಸುತ್ತದೆ. ಅವರು ಆಡುವುದು ಹಳ್ಳಿಯ ಇಂಗ್ಲಿಷ್, ಕಾಗುಣಿತವೂ ಬಾಯಿಗೆ ಬಂದ ಹಾಗೆಯೇ ಇರುತ್ತದೆ, ಡಿಕ್ಷನರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಜೋರಾಗಿ ಓದಿ. ಕಿವಿಗೆ ಬಿದ್ದರೆ ಅರ್ಥವಾಗುತ್ತದೆ. ಐವತ್ತು ಪುಟ ದಾಟಿದ ಮೇಲೆ ನನಗೆ ಅಮ್ಮ ಜೋಡ್ ನಮ್ಮ ಕೇರಿಯ ಮಾತಿನಲ್ಲೇ ಮಾತಾಡಿದಂತೆ ಕೇಳತೊಡಗಿತು. ಆಕೆಯ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಬೇಕು. ಮರಳುಗಾಡು ದಾಟುವ ರಾತ್ರಿ, ತಪಾಸಣೆಯವರು ಗಾಡಿ ತಡೆಯಬಾರದೆಂದು, ಸತ್ತ ಅತ್ತೆಯ ಪಕ್ಕದಲ್ಲೇ ಮಲಗಿ, ಮುದುಕಿಗೆ ಹುಷಾರಿಲ್ಲ, ಬೇಗ ಬಿಡಿ ಎಂದು ಹೇಳಿ ಬೆಳಗಿನ ತನಕ ಯಾರಿಗೂ ಬಾಯಿ ಬಿಡದವಳು ಆಕೆ.

ಕೊನೆಯ ಪುಟದ ವಿಷಯಕ್ಕೆ ನಾವು ನಾಲ್ವರೂ ಎದುರುಬದುರು ಕೂತು ಮಾತಾಡಲಿಲ್ಲ, ಸಂಕೋಚ. ಮಳೆಯೇ ಇಲ್ಲದೆ ಶುರುವಾದ ಕಥೆ ಪ್ರವಾಹದಲ್ಲಿ ಮುಗಿಯುತ್ತದೆ. ಮಗಳು ರೋಸ್ ಆಫ್ ಶಾರನ್‌ಗೆ ಹುಟ್ಟಿದ ಮಗು ಉಸಿರಾಡಿಲ್ಲ. ನೀರು ಏರುತ್ತಿದೆ ಎಂದು ಎತ್ತರದ ಕೊಟ್ಟಿಗೆಯೊಂದಕ್ಕೆ ಹೋದರೆ, ಅಲ್ಲಿ ಆರು ದಿನದಿಂದ ಅನ್ನವಿಲ್ಲದೆ ಸಾಯುತ್ತಿರುವ ಒಬ್ಬ ಅಪರಿಚಿತ. ಅವಳು ತನ್ನ ಎದೆಹಾಲನ್ನು ಅವನಿಗೆ ಕುಡಿಸುತ್ತಾಳೆ. ಈ ಕೊನೆಯನ್ನು ಬದಲಿಸು ಎಂದು ಪ್ರಕಾಶಕರ ಕಡೆಯಿಂದಲೇ ಒತ್ತಾಯ ಬಂದಿತ್ತು, ಸ್ಟೈನ್‌ಬೆಕ್ ಒಪ್ಪಲಿಲ್ಲ.

ಶಿರಾದವಳು ಮಾತ್ರ ಅದನ್ನು ಅವಳ ಅಮ್ಮಿಗೆ ಹೇಳಿದಳು. ರಾತ್ರಿ ಹೋಟೆಲಿನ ಪಾತ್ರೆ ತೊಳೆಯುವಾಗ, ಹೆದರುತ್ತಲೇ, ನಾವೆಲ್ಲ ಅಶ್ಲೀಲ ಅಂದುಕೊಳ್ಳುತ್ತಾರೇನೋ ಎಂದುಕೊಂಡಿದ್ದ ಭಾಗವನ್ನು. ಅಮ್ಮಿ ಕೈ ನಿಲ್ಲಿಸಲಿಲ್ಲವಂತೆ. 'ಮತ್ತೆ? ಹಾಲು ಇತ್ತಲ್ಲ, ಕೊಟ್ಟಳು' ಅಂದರಂತೆ. ಸ್ವಲ್ಪ ಹೊತ್ತು ಬಿಟ್ಟು, 'ಮಗು ಹೆಣ್ಣೋ ಗಂಡೋ?' ಎಂದು ಕೇಳಿದರಂತೆ.

ಅವಳು ಪುಟ ತಿರುಗಿಸಿ ನೋಡಿ ನನಗೆ ಫೋನ್ ಮಾಡಿದಳು. ನನಗೆ ನೆನಪಿತ್ತು. ಆ ಕೂಸನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡಲು ಹೋದ ಜಾನ್ ಅಂಕಲ್, ನೀನು ಹೆಣ್ಣೋ ಗಂಡೋ ಎನ್ನುವುದೂ ತಿಳಿಯಲಿಲ್ಲವಲ್ಲ ಎಂದು ಅದರ ಜೊತೆಯೇ ಮಾತಾಡುತ್ತಾನೆ. ಅದನ್ನೇ ಹೇಳಿದೆ. ಅವಳು ಅಮ್ಮಿಗೆ ಹೇಳುತ್ತಿದ್ದದ್ದು, ನಲ್ಲಿಯ ನೀರು ನಿಂತದ್ದು ನನಗೆ ಫೋನಿನಲ್ಲಿ ಕೇಳಿಸಿತು.